ಮೊದಲ ರೇಟಿಂಗ್ ಟೂರ್ನಿಗೆ ಎರಡು ತಿಂಗಳು: ಅಭ್ಯಾಸ ಹೇಗಿರಬೇಕು?

ಪ್ರಶ್ನೆ: ನನಗೆ 44 ವರ್ಷ, ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ಹಲವು ವರ್ಷಗಳಿಂದ ಮೊಬೈಲಿನಲ್ಲಿ 10 ನಿಮಿಷದ ಚೆಸ್ ಆಡುತ್ತಿದ್ದೇನೆ. ಎರಡು ತಿಂಗಳ ನಂತರದ ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ ಟೂರ್ನಿಗೆ, ಅಂದರೆ ಆಟಗಾರರ ಬಲವನ್ನು ಅಂಕಿಯಲ್ಲಿ ಅಳೆಯುವ ಟೂರ್ನಿಗೆ, ಮೊದಲ ಬಾರಿ ಹೆಸರು ಕೊಟ್ಟಿದ್ದೇನೆ. ದಿನಕ್ಕೆ ಒಂದು ಗಂಟೆ ಬಿಡುವು ಸಿಗುತ್ತದೆ. ಸಿಸಿಲಿಯನ್, ಕಿಂಗ್ಸ್ ಇಂಡಿಯನ್ ಓಪನಿಂಗ್‌ಗಳನ್ನು (ಆಟದ ಆರಂಭದ ಸಿದ್ಧ ನಡೆಗಳನ್ನು) ಬಾಯಿಪಾಠ ಮಾಡುತ್ತಿದ್ದೇನೆ. ಇದು ಸಾಕೇ?

ಉತ್ತರ: ಬಾಯಿಪಾಠಕ್ಕೆ ನೀವು ಕೊಡುತ್ತಿರುವ ಸಮಯದ ಬಹುಪಾಲನ್ನು ಬೇರೆ ಕಡೆಗೆ ತಿರುಗಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈ ಹಂತದ ಎದುರಾಳಿಗಳು ಐದಾರು ನಡೆಗಳಲ್ಲೇ ಪುಸ್ತಕದ ದಾರಿ ಬಿಟ್ಟುಬಿಡುತ್ತಾರೆ. ಬಿಳಿ ಕಾಯಿಗೆ ಒಂದು ಆರಂಭ, ಕಪ್ಪಿನಲ್ಲಿ ಆಡುವಾಗ ಎದುರಾಳಿ ಮೊದಲು ರಾಜನ ಮುಂದಿನ ಕಾಲಾಳನ್ನು ನಡೆಸಿದರೆ ಒಂದು, ಮಂತ್ರಿಯ ಮುಂದಿನ ಕಾಲಾಳನ್ನು ನಡೆಸಿದರೆ ಒಂದು ಉತ್ತರ, ಇಷ್ಟನ್ನು ಏಕೆ ಹಾಗೆ ಆಡುತ್ತೇವೆಂದು ತಿಳಿದು ಕಲಿತರೆ ಸಾಕು.

ನಿಮ್ಮ ನಿಜವಾದ ಕೊರತೆ ದೀರ್ಘ ಆಟದ ಅಭ್ಯಾಸ. ನಮ್ಮ ಬಹಳಷ್ಟು ರೇಟಿಂಗ್ ಟೂರ್ನಿಗಳಲ್ಲಿ ಪ್ರತಿ ಆಟಗಾರನಿಗೆ 90 ನಿಮಿಷ, ಜೊತೆಗೆ ಪ್ರತಿ ನಡೆಗೆ 30 ಸೆಕೆಂಡು ಸಿಗುತ್ತದೆ. 60 ನಡೆಯ ಆಟವೆಂದರೆ ಇಬ್ಬರಿಂದ ನಾಲ್ಕು ಗಂಟೆಯವರೆಗೂ ಹೋಗಬಹುದು. ಹತ್ತು ನಿಮಿಷದ ಆಟಕ್ಕೆ ಒಗ್ಗಿದ ಕೈ ಆ ಸಮಯವನ್ನು ಬಳಸುವುದೇ ಇಲ್ಲ; ಗಡಿಯಾರದಲ್ಲಿ ಒಂದು ಗಂಟೆ ಉಳಿದಿರುವಾಗಲೇ ಕಾಯಿಯೊಂದನ್ನು ಪುಕ್ಕಟೆಯಾಗಿ ಕಳೆದುಕೊಂಡು ಸೋಲುವವರನ್ನು ಪ್ರತಿ ಟೂರ್ನಿಯಲ್ಲೂ ನೋಡುತ್ತೇನೆ. ಆದ್ದರಿಂದ ಪ್ರತಿ ಭಾನುವಾರ ಸ್ನೇಹಿತರೊಬ್ಬರೊಡನೆ ನಿಜವಾದ ಹಲಗೆಯ ಮೇಲೆ, ಗಡಿಯಾರವಿಟ್ಟು, ನಡೆಗಳನ್ನು ಬರೆಯುತ್ತಾ ಒಂದು ಪೂರ್ಣ ಆಟ ಆಡಿರಿ. ಕಾಯಿ ಮುಟ್ಟುವ ಮೊದಲು ಎದುರಾಳಿ ಕೊಡಬಹುದಾದ ಪ್ರತಿಯೊಂದು ಚೆಕ್, ಹೊಡೆಯಬಹುದಾದ ಪ್ರತಿಯೊಂದು ಕಾಯಿ, ಒಡ್ಡಬಹುದಾದ ಪ್ರತಿಯೊಂದು ಬೆದರಿಕೆಯನ್ನು ನೋಡುವುದು ರೂಢಿಯಾಗಬೇಕು.

ಆ ಆಟವನ್ನು ಮರುದಿನಗಳಲ್ಲಿ ಪರಿಶೀಲಿಸುವಾಗ ಕಂಪ್ಯೂಟರ್ ಎಂಜಿನ್ ಅನ್ನು (ಉತ್ತಮ ನಡೆಯನ್ನು ಲೆಕ್ಕ ಹಾಕಿ ತೋರಿಸುವ ಚೆಸ್ ತಂತ್ರಾಂಶ) ಕೊನೆಗೆ ತೆರೆಯಿರಿ. ಎಲ್ಲಿ ಹೆಚ್ಚು ಹೊತ್ತು ಯೋಚಿಸಿದಿರಿ, ಏನನ್ನು ಹೆದರಿ ಬಿಟ್ಟಿರಿ, ಎದುರಾಳಿಯ ಯಾವ ಉದ್ದೇಶ ತಿಳಿಯಲಿಲ್ಲ ಎಂಬುದನ್ನು ಸ್ವಂತ ಮಾತಿನಲ್ಲಿ ಬರೆದ ಮೇಲೆಯೇ ಎಂಜಿನ್ನಿನ ತೀರ್ಪು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದು ಸರಿಯಾದ ನಡೆಯನ್ನು ತೋರಿಸುತ್ತದೆಯೇ ಹೊರತು ನಿಮಗೆ ಅದು ಏಕೆ ಹೊಳೆಯಲಿಲ್ಲ ಎಂಬುದನ್ನು ಹೇಳುವುದಿಲ್ಲ.

ವಾರದಲ್ಲಿ ಎರಡು ದಿನ ಹಲಗೆಯ ಮೇಲೆ ಕೆಲವೇ ಕಾಯಿಗಳು ಉಳಿದಿರುವ ಅಂತಿಮ ಹಂತಕ್ಕೆ ಮೀಸಲಿಡಿ. ರಾಜ ಮತ್ತು ಒಂದು ಕಾಲಾಳಿನ ಆಟ ಮೊದಲು. ಬಳಿಕ 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಹೆಸರಿನ ರಕ್ಷಣೆ. ಎದುರಾಳಿಗೆ ಆನೆ ಮತ್ತು ಕಾಲಾಳು, ನಮಗೆ ಆನೆ ಮಾತ್ರ ಉಳಿದು, ನಮ್ಮ ರಾಜ ಆ ಕಾಲಾಳಿನ ಎದುರಿಗಿದ್ದಾಗ, ಆನೆಯನ್ನು ನಮ್ಮ ಕಡೆಯಿಂದ ಮೂರನೆಯ ಸಾಲಿನಲ್ಲಿಟ್ಟು ಎದುರಾಳಿಯ ರಾಜನನ್ನು ತಡೆಯುತ್ತೇವೆ. ಕಾಲಾಳು ಆ ಸಾಲಿಗೆ ಬಂದ ಕೂಡಲೇ ಆನೆಯನ್ನು ಹಲಗೆಯ ಆಚೆ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡುತ್ತಾ ಡ್ರಾ ಸಾಧಿಸುತ್ತೇವೆ. ಇದೊಂದು ತಿಳಿದಿದ್ದರೆ ಅರ್ಧ ಅಂಕ ಉಳಿಯುವ ಸಂದರ್ಭಗಳು ನಿಜವಾಗಿಯೂ ಬರುತ್ತವೆ.

ನಿಯಮಗಳ ವಿಷಯದಲ್ಲಿ ಮೊಬೈಲ್ ನಿಮಗೆ ಏನನ್ನೂ ಕಲಿಸಿರುವುದಿಲ್ಲ. ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಕ್ಯಾಸ್ಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವುದು) ಮಾಡುವಾಗ ಮೊದಲು ರಾಜನನ್ನು ಮುಟ್ಟಬೇಕು, ಒಂದೇ ಕೈ ಬಳಸಬೇಕು. ನಿಯಮಬಾಹಿರ ನಡೆಗೆ ಮೊದಲ ಸಲ ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿ ಸಿಗುತ್ತದೆ, ಎರಡನೆಯ ಸಲ ನೀವು ಸೋತಂತೆ. ಫೋನನ್ನು ಕೋಣೆಯಲ್ಲೇ ಬಿಟ್ಟುಬನ್ನಿ.

ರೇಟಿಂಗ್ ಪಡೆಯಲು ರೇಟಿಂಗ್ ಇರುವವರ ವಿರುದ್ಧ ಕನಿಷ್ಠ ಐದು ಆಟ ಬೇಕು. ಅವು ಒಂದೇ ಟೂರ್ನಿಯಲ್ಲಿ ಆಗಬೇಕೆಂದಿಲ್ಲ. 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗ್ 1400 ಆಗಿದೆ. ಸೋತವರೂ ಹೊರಬೀಳದೆ ಎಲ್ಲ ಸುತ್ತು ಆಡುವ ಸ್ವಿಸ್ ಪದ್ಧತಿಯಲ್ಲಿ ಮೊದಲ ಸುತ್ತಿಗೆ ರೇಟಿಂಗ್ ಪ್ರಕಾರದ ಪಟ್ಟಿಯ ಮೇಲರ್ಧವನ್ನು ಕೆಳಗಿನ ಅರ್ಧದೊಡನೆ ಜೋಡಿಸುವುದರಿಂದ, ರೇಟಿಂಗ್ ಇಲ್ಲದ ನಿಮಗೆ ಆರಂಭದಲ್ಲೇ ಬಲಿಷ್ಠ ಎದುರಾಳಿ ಸಿಗಬಹುದು. ಅಲ್ಲಿ ಸೋತರೆ ಆ ಸಂಜೆ ಆಟವನ್ನು ಕೆದಕದೆ ನಿದ್ದೆ ಮಾಡಿರಿ. ಮುಂದಿನ ಸುತ್ತುಗಳಲ್ಲಿ ನಿಮ್ಮಷ್ಟೇ ಅಂಕ ಇರುವವರೇ ಎದುರಿಗೆ ಕೂರುತ್ತಾರೆ.