ಮಾತ್ರೆ ಬಿಟ್ಟು ಸೂಜಿಗೆ ಹೋಗಲೇ?

ಪ್ರಶ್ನೆ: ನನಗೆ 28 ವರ್ಷ, ಊರು ಕುಮಟಾ ಹತ್ತಿರ. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆ. ಎರಡು-ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತೇನೆ, ಆಗ ಹೊಟ್ಟೆನೋವು ತಡೆಯಲು ಆಗುವುದಿಲ್ಲ. ಹುಬ್ಬಳ್ಳಿಗೆ ಓಡಾಡಿ ಸಾಕಾಗಿದೆ. ಕಾರವಾರದಲ್ಲಿ ಅಕ್ಯುಪಂಕ್ಚರ್ (ಮೈಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ) ಮಾಡುವವರೊಬ್ಬರು, ‘ಮಾತ್ರೆ ಬಿಡಿ, ಹತ್ತು ಸಲ ಬನ್ನಿ, ಮಗು ಆಗುತ್ತದೆ’ ಎಂದಿದ್ದಾರೆ. ಹೋಗಲೇ?

ಉತ್ತರ: ಬೇಕಿದ್ದರೆ ಹೋಗಿ. ಮಾತ್ರೆ ಮಾತ್ರ ಬಿಡಬೇಡಿ.

ಘಟ್ಟ ಹತ್ತಿ, ದಿನವಿಡೀ ಕಾದು, ಡಾಕ್ಟರ ಹತ್ತಿರ ಐದು ನಿಮಿಷ ಮಾತಾಡಿ ಮರಳುವ ಸುಸ್ತು ನನಗೆ ಗೊತ್ತು. ಅಕ್ಯುಪಂಕ್ಚರಿನವರು ಅರ್ಧ ಗಂಟೆ ಮಲಗಿಸಿ, ನಿಧಾನಕ್ಕೆ ಕಷ್ಟ ಕೇಳುತ್ತಾರೆ. ಹಿತ ಅನಿಸದೇ ಇರುತ್ತದೆಯೇ?

ಆದರೆ ಮಗುವಿನ ವಿಷಯ ಬೇರೆ. ಅಕ್ಯುಪಂಕ್ಚರಿನ ತವರು ಚೀನಾದಲ್ಲೇ ಪಿಸಿಓಡಿ ಇರುವ 1000 ಹೆಂಗಸರ ಮೇಲೆ ಇದನ್ನು ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಬಂತು. ಕೆಲವರಿಗೆ ಸರಿಯಾದ ಜಾಗದಲ್ಲಿ ಸೂಜಿ, ಉಳಿದವರಿಗೆ ಸುಮ್ನೆ ಎಲ್ಲೋ ಮೇಲೆ ಮೇಲೆ ಚುಚ್ಚಿದ ಸೂಜಿ. ಅಂಡ ಬಿಡುಗಡೆಯಾಗಲು ಕೊಡುವ ಕ್ಲೋಮಿಫೀನ್ ಮಾತ್ರೆಯ ಜೊತೆ ನಿಜವಾದ ಸೂಜಿ ಪಡೆದವರಲ್ಲಿ ನೂರಕ್ಕೆ ಸುಮಾರು 29 ಮಂದಿಗೆ ಮಗುವಾಯಿತು. ಮಾತ್ರೆಯ ಜೊತೆ ತೋರಿಕೆ ಸೂಜಿ ಪಡೆದವರಲ್ಲಿ 28. ಮಾತ್ರೆ ಇಲ್ಲದವರಲ್ಲಿ ನಿಜವಾದ ಸೂಜಿಗೆ 14, ತೋರಿಕೆಯದಕ್ಕೆ 17. ಕೆಲಸ ಮಾಡಿದ್ದು ಮಾತ್ರೆ. ಈಗ ನಾವು ಡಾಕ್ಟರರು ಮೊದಲು ಕೊಡುವುದು ಅದೇ ಕೆಲಸದ ಇನ್ನೊಂದು ಮಾತ್ರೆ ಲೆಟ್ರೋಜೋಲ್, ಅದು ಇನ್ನೂ ಒಳ್ಳೆಯದು.

ಅಂದ ಹಾಗೆ, ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಆಗಿದೆಯೇ? ಪತ್ರದಲ್ಲಿ ಆ ಮಾತೇ ಇಲ್ಲ. ನಮ್ಮ ಕಡೆ ಮಾತ್ರೆ, ಸೂಜಿ, ಹರಕೆ ಎಲ್ಲ ಹೆಂಗಸಿಗೇ.

ಇನ್ನು ನೋವು. ಸೂಜಿಯಿಂದ ಮುಟ್ಟಿನ ನೋವು ಕಡಿಮೆಯಾಯಿತು ಎನ್ನುವವರು ಇದ್ದಾರೆ. ಆದರೆ ತೋರಿಕೆ ಸೂಜಿಗಿಂತ ಜಾಸ್ತಿ ಗುಣ ಇದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ನನಗೆ ಚಿಂತೆ ಅದಲ್ಲ. ಪಿಸಿಓಡಿಯೊಂದರಿಂದಲೇ ಇಷ್ಟು ನೋವು ಬರುವುದು ಕಡಿಮೆ. ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೇ? ಗಂಡನ ಜೊತೆ ಸೇರುವಾಗ, ಮುಟ್ಟಿನ ದಿನ ಸಂಡಾಸಿಗೆ ಕುಳಿತಾಗ ನೋಯುತ್ತದೆಯೇ? ಹಾಗಿದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು. ಮಕ್ಕಳಾಗದಿರಲು ಅದೂ ಒಂದು ಕಾರಣ. ಒಮ್ಮೆ ಸ್ಕ್ಯಾನ್ ಸಹಜವಾಗಿದೆ ಎಂದು ಬಂದರೂ ಅದು ಇಲ್ಲವೆಂದು ಖಾತ್ರಿಯಾಗದು. ಹಾಗಾಗಿ ಈ ಲಕ್ಷಣಗಳನ್ನು ನಾಚದೆ ನಿಮ್ಮ ಡಾಕ್ಟರಿಗೆ ಹೇಳಿ. ಸೂಜಿ ಚುಚ್ಚಿಸಿ ನೋವು ಒಂದಿಷ್ಟು ತಗ್ಗಿದರೆ, ಇದನ್ನೆಲ್ಲ ಹುಡುಕುವ ಕೆಲಸ ಇನ್ನೊಂದು ವರ್ಷ ಮುಂದೆ ಹೋಗುತ್ತದೆ. ನನಗಿರುವ ಹೆದರಿಕೆ ಇದೇ.

ಹೋಗುವುದೇ ಆದರೆ ಪ್ರತಿ ಸಲ ಹೊಸ ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ. ಮುಟ್ಟಿನ ತೊಂದರೆಗೆ ಪಾದದ ಕೀಲಿನ ಒಳಬದಿಯ ಗಂಟಿನಿಂದ ನಾಲ್ಕು ಬೆರಳು ಮೇಲೆ ಚುಚ್ಚುವುದು ರೂಢಿ. ಬಸುರಿಯರಿಗೆ ಮಾತ್ರ ಆ ಜಾಗ ಬೇಡ ಎಂದು ಅವರ ಪದ್ಧತಿಯೇ ಹೇಳುತ್ತದೆ. ನಿಮಗೋ ಮುಟ್ಟು ತಡವಾಗುವುದೇ ಮಾಮೂಲು, ಬಸಿರಾದರೂ ಬೇಗ ಗೊತ್ತಾಗದು. ಹೋಗುವ ಮುಂಚೆ ಮೆಡಿಕಲ್ ಶಾಪಿನಿಂದ ಕಿಟ್ ತಂದು ಬೆಳಗಿನ ಮೂತ್ರ ಪರೀಕ್ಷೆ ಮಾಡಿಕೊಳ್ಳಿ.