ಹೊಸ ಗೇಮಿಂಗ್ ಕೀಬೋರ್ಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗನ ಆಟಕ್ಕೆಂದು 87 ಕೀಗಳ ಮೆಕ್ಯಾನಿಕಲ್ ಕೀಬೋರ್ಡ್ ತರಿಸಿದ್ದೇವೆ. ಹಿಂದಿರುಗಿಸಲು ಏಳು ದಿನ ಅವಕಾಶವಿದೆ. ಅಷ್ಟರಲ್ಲಿ ಏನೇನು ನೋಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಬಣ್ಣದ ದೀಪ ಉರಿದ ಮಾತ್ರಕ್ಕೆ ಸಮಾಧಾನಪಟ್ಟುಕೊಳ್ಳಬೇಡಿ. ನೋಟ್‌ಪ್ಯಾಡ್ ತೆರೆದು, ಸಾಲಿಗೊಂದು ಅಕ್ಷರದಂತೆ ಪ್ರತಿ ಕೀಯನ್ನೂ 20 ಸಲ ಒತ್ತಿ. ಹಿಡಿದುಕೊಳ್ಳಬೇಡಿ, ಒತ್ತಿ ಬಿಡಿ. ಸಾಲಿನಲ್ಲಿ 20 ಅಕ್ಷರವೇ ಇರಬೇಕು. 21, 22 ಬಂದರೆ ಅದು ಚಾಟರಿಂಗ್. ಪ್ರತಿ ಕೀಯ ಕೆಳಗಿರುವ ಸ್ವಿಚ್‌ನೊಳಗಿನ ಎರಡು ಲೋಹದ ಪಟ್ಟಿಗಳು ತಾಗಿದ ಕೂಡಲೇ ಸುಮ್ಮನಾಗುವುದಿಲ್ಲ, ಕ್ಷಣಕಾಲ ನಡುಗುತ್ತವೆ. ಕೀಬೋರ್ಡ್‌ನ ಚಿಪ್ ಕೆಲವು ಮಿಲಿಸೆಕೆಂಡ್ ಕಾದು ಆ ನಡುಕವನ್ನು ಲೆಕ್ಕಕ್ಕೆ ಸೇರಿಸದೆ ಬಿಡುತ್ತದೆ. ಪಟ್ಟಿಯಲ್ಲಿ ಕೊಳೆಯಿದ್ದರೆ ಅಥವಾ ಅದು ಸರಿಯಾಗಿ ಕೂತಿರದಿದ್ದರೆ ನಡುಕ ಹೆಚ್ಚು ಹೊತ್ತು ನಡೆದು ಎರಡನೇ ಒತ್ತು ಎಂದು ದಾಖಲಾಗುತ್ತದೆ. ಹೊಸ ಮಾಲಿನಲ್ಲಿ ಇದನ್ನು ರಿಪೇರಿ ಮಾಡಲು ಹೋಗದೆ ವಾಪಸ್ ಕಳಿಸುವುದೇ ಸರಿ.

ಒಂದು ಕೀ ಪೂರ್ತಿ ಸತ್ತಂತಿದ್ದು, ಅದು ಹಾಟ್‌ಸ್ವಾಪ್ (ಬೆಸುಗೆಯಿಲ್ಲದೆ ಸ್ವಿಚ್ ಕಿತ್ತು ಹಾಕಬಹುದಾದ) ಕೀಬೋರ್ಡ್ ಆಗಿದ್ದರೆ ಬೇರೆ ಮಾತು. ಸ್ವಿಚ್ ಕೂರಿಸುವಾಗ ಅದರ ಸಣ್ಣ ತಾಮ್ರದ ಕಾಲು ಸಾಕೆಟ್‌ಗೆ ಇಳಿಯದೆ ಮಡಚಿಕೊಂಡಿರಬಹುದು. ಕೇಬಲ್ ಕಿತ್ತು, ಜೊತೆಗೆ ಬಂದಿರುವ ಚಿಮಟದಿಂದ ಸ್ವಿಚ್ ಅನ್ನು ನೇರ ಮೇಲಕ್ಕೆ ಎಳೆಯಿರಿ, ಕಾಲನ್ನು ನೆಟ್ಟಗೆ ಮಾಡಿ, ಓರೆಯಾಗದಂತೆ ಮತ್ತೆ ಒತ್ತಿ ಕೂರಿಸಿ.

ಕೊನೆಗೆ ಡಬ್ಲ್ಯು, ಎ, ಶಿಫ್ಟ್, ಸ್ಪೇಸ್ ನಾಲ್ಕನ್ನೂ ಒಟ್ಟಿಗೆ ಹಿಡಿದು, ಆಟದಲ್ಲಿ ಬಳಸುವ ಉಳಿದ ಕೀಗಳನ್ನು ಒಂದೊಂದಾಗಿ ಒತ್ತಿ. ಯಾವ ಕೀಗಳು ಒತ್ತಿವೆ ಎಂದು ತೋರಿಸುವ ಕೀಬೋರ್ಡ್ ಟೆಸ್ಟರ್ ತೆರೆದಿಟ್ಟುಕೊಂಡರೆ ಸುಲಭ. ಕೀಗಳ ಕೆಳಗೆ ಅಡ್ಡ, ಉದ್ದ ತಂತಿಗಳ ಬಲೆಯಿದೆ. ಪ್ರತಿ ಕೀಗೂ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇಲ್ಲದಿದ್ದರೆ, ಆ ಬಲೆಯ ಒಂದು ಚೌಕದ ಮೂರು ಮೂಲೆ ಒತ್ತಿದಾಗ ನಾಲ್ಕನೆಯದೂ ಒತ್ತಿದಂತೆ ಕಾಣುತ್ತದೆ. ಈ ಗೊಂದಲ ಬೇಡವೆಂದು ಅಗ್ಗದ ಮೆಂಬ್ರೇನ್ (ಬಿಡಿ ಸ್ವಿಚ್ ಬದಲು ತೆಳು ಪ್ಲಾಸ್ಟಿಕ್ ಹಾಳೆಯಿರುವ) ಕೀಬೋರ್ಡ್‌ಗಳು ಮೂರನೇ ಒತ್ತನ್ನೇ ನುಂಗಿಬಿಡುತ್ತವೆ. ನಿಮ್ಮದರಲ್ಲಿ ಶಿಫ್ಟ್ ಬಿಟ್ಟು ಸರಿಯಾಗಿ ಆರು ಕೀಗಳ ನಂತರ ಮಾತ್ರ ನಿಂತರೆ ದೋಷವಲ್ಲ, ಅದು ಯುಎಸ್‌ಬಿಯ ಹಳೆಯ ಕ್ರಮದ ಮಿತಿ. ಎನ್-ಕೀ ರೋಲ್‌ಓವರ್ (ಎಷ್ಟೇ ಕೀ ಒಟ್ಟಿಗೆ ಒತ್ತಿದರೂ ದಾಖಲಾಗುವ ಸೌಲಭ್ಯ) ಇದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ, ಅದನ್ನು ಚಾಲೂ ಮಾಡಲು ಎಫ್‌ಎನ್ ಕೀ ಜೊತೆ ಯಾವುದನ್ನು ಒತ್ತಬೇಕು ಎಂಬುದು ಕೈಪಿಡಿಯಲ್ಲಿರುತ್ತದೆ.

ಪ್ರಶ್ನೆ: ಬ್ಲೂ ಸ್ವಿಚ್ (ಒತ್ತಿದಾಗ ಟಿಕ್ ಎನ್ನುವ ಬಗೆ) ಇರುವ ಕೀಬೋರ್ಡ್ ಕೊಂಡೆ. ರಾತ್ರಿ ಆಡಿದರೆ ಪಕ್ಕದ ಕೋಣೆಯವರಿಗೆ ನಿದ್ದೆಯಿಲ್ಲ. ಟಿಕ್ ಎನ್ನದ ರೆಡ್ ಸ್ವಿಚ್‌ಗೆ ಬದಲಿಸಲೇ?
– ಬೆಂಗಳೂರು

ಉತ್ತರ: ಬದಲಿಸಿ, ಆಟಕ್ಕೂ ಅದೇ ವಾಸಿ. ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್ 45 ಸೆಂಟಿನ್ಯೂಟನ್ ಬಲಕ್ಕೆ, 2 ಮಿಲಿಮೀಟರ್ ಆಳದಲ್ಲಿ ಕೆಲಸ ಮಾಡುತ್ತದೆ. ಬ್ಲೂಗೆ 60 ಸೆಂಟಿನ್ಯೂಟನ್, 2.2 ಮಿಲಿಮೀಟರ್ ಬೇಕು. ಬ್ಲೂನಲ್ಲಿ ಕೀ ಇನ್ನಷ್ಟು ಮೇಲೆ ಬಂದ ಮೇಲೆಯೇ ಮುಂದಿನ ಒತ್ತಿಗೆ ಸಿದ್ಧವಾಗುವುದರಿಂದ ಬೇಗಬೇಗ ಎರಡು ಸಲ ಒತ್ತುವುದೂ ಕಷ್ಟ. ಆದರೆ ಟಿಕ್ ಶಬ್ದ ಹೋದರೂ ತಳಕ್ಕೆ ಬಡಿಯುವ ಟಕಟಕ ಉಳಿಯುತ್ತದೆ. ಕೆಳಗೊಂದು ದಪ್ಪ ಡೆಸ್ಕ್ ಮ್ಯಾಟ್ ಹಾಸಿ.

ಪ್ರಶ್ನೆ: ಓಡುವಾಗ ಆಟ ಮಾಯವಾಗಿ ವಿಂಡೋಸ್ ಏನೋ ಕೇಳುತ್ತದೆ. ಕೀಬೋರ್ಡ್ ಕೆಟ್ಟಿದೆಯೇ?
– ಶಿರಸಿ

ಉತ್ತರ: ಇಲ್ಲ. ಓಡಲು ಬಳಸುವ ಶಿಫ್ಟ್ ಕೀಯನ್ನು ಸತತ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ (ಶಿಫ್ಟ್‌ನಂಥ ಕೀಗಳನ್ನು ಹಿಡಿದುಕೊಳ್ಳದೆ ಬಳಸಲು ನೆರವಾಗುವ ವಿಂಡೋಸ್ ಸೌಲಭ್ಯ) ಏಳುತ್ತದೆ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ, ಕೀಬೋರ್ಡ್‌ನಲ್ಲಿ ಅದರ ಶಾರ್ಟ್‌ಕಟ್ ಆಫ್ ಮಾಡಿ. ಬಲಗಡೆ ಶಿಫ್ಟ್ ಎಂಟು ಸೆಕೆಂಡ್ ಹಿಡಿದರೆ ಬರುವ, ತೀರಾ ಚುಟುಕಾದ ಒತ್ತುಗಳನ್ನು ಕಡೆಗಣಿಸುವ ಫಿಲ್ಟರ್ ಕೀಸ್‌ಗೂ ಹಾಗೆಯೇ ಮಾಡಿ.

ಪ್ರಶ್ನೆ: ಒತ್ತು ದಾಖಲಾಗುವ ಆಳವನ್ನು ನಾವೇ ಹೊಂದಿಸಬಹುದಾದ ಮ್ಯಾಗ್ನೆಟಿಕ್ ಕೀಬೋರ್ಡ್‌ನಲ್ಲಿ ಆ ಆಳವನ್ನು 0.1 ಮಿಲಿಮೀಟರ್ ಇಟ್ಟಿದ್ದೇನೆ. ಆಟ ಚೆನ್ನ, ಟೈಪಿಂಗ್ ಪೂರಾ ತಪ್ಪು. ಸ್ನ್ಯಾಪ್ ಟ್ಯಾಪ್ ಬಳಸಬಹುದೇ?
– ಹುಬ್ಬಳ್ಳಿ

ಉತ್ತರ: 0.1ರಲ್ಲಿ ಬೆರಳು ಸುಮ್ಮನೆ ಇಟ್ಟರೂ ಅಕ್ಷರ ಬೀಳುತ್ತದೆ. ಎರಡು ಪ್ರೊಫೈಲ್ ಮಾಡಿ: ಟೈಪಿಂಗ್‌ಗೆ 2 ಮಿಲಿಮೀಟರ್, ಆಟಕ್ಕೆ ಡಬ್ಲ್ಯು, ಎ, ಎಸ್, ಡಿ ನಾಲ್ಕಕ್ಕೆ ಮಾತ್ರ 0.5ರ ಆಸುಪಾಸು. ಸ್ನ್ಯಾಪ್ ಟ್ಯಾಪ್‌ನಲ್ಲಿ ಎ ಹಿಡಿದಿರುವಾಗಲೇ ಡಿ ಒತ್ತಿದರೆ ಕೀಬೋರ್ಡ್ ತಾನೇ ಎ ಬಿಟ್ಟಂತೆ ತೋರಿಸುತ್ತದೆ. 2024ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಕೌಂಟರ್ ಸ್ಟ್ರೈಕ್ 2ರ ತನ್ನ ಸರ್ವರ್‌ಗಳಲ್ಲಿ ಇದನ್ನು ನಿಷೇಧಿಸಿತು. ಸಿಕ್ಕಿಬಿದ್ದವರನ್ನು ಪಂದ್ಯದಿಂದ ಹೊರಹಾಕಲಾಗುತ್ತದೆ. ಅಲ್ಲಿ ಆಡುವುದಾದರೆ ಆಫ್ ಮಾಡಿಡಿ.

ಪ್ರಶ್ನೆ: 61 ಕೀಗಳ ಪುಟ್ಟ ಕೀಬೋರ್ಡ್‌ನಲ್ಲಿ ಕನ್ನಡವನ್ನೂ ಟೈಪ್ ಮಾಡಬಹುದೇ?
– ಮೈಸೂರು

ಉತ್ತರ: ಮಾಡಬಹುದು, ಒಂದು ಕಿರಿಕಿರಿ ಇದೆ. ಇನ್‌ಸ್ಕ್ರಿಪ್ಟ್ ಎಂಬ ಕೀ ವಿನ್ಯಾಸದಲ್ಲಿ 'ಒ' ಮತ್ತು ಅದರ ಗುಣಿತ ಚಿಹ್ನೆ, ಅಂಕಿ 1ರ ಎಡಗಡೆಯ ಕೀಯಲ್ಲಿವೆ. ಪುಟ್ಟ ಕೀಬೋರ್ಡ್‌ಗಳಲ್ಲಿ ಆ ಜಾಗಕ್ಕೆ ಎಸ್ಕೇಪ್ ಬಂದು ಕೂತಿರುತ್ತದೆ. 'ಒಂದು' ಎಂದು ಬರೆಯಲು ಎಫ್‌ಎನ್, ಶಿಫ್ಟ್, ಎಸ್ಕೇಪ್ ಮೂರನ್ನೂ ಹಿಡಿಯುವ ಪಾಡು. ನುಡಿ ತಂತ್ರಾಂಶದಲ್ಲಿ ಬಳಸುವ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸದವರಿಗೆ ಈ ತಾಪತ್ರಯವಿಲ್ಲ, ಅಲ್ಲಿ 'ಒ' ಇಂಗ್ಲಿಷಿನ ಓ ಕೀಯಲ್ಲೇ ಇದೆ.