ಪ್ರತಿಕ್ರಿಯೆ: ಟ್ರಾಟ್‌ನಲ್ಲಿ ಸೊಂಟ ಹಿಡಿಯುವುದಕ್ಕೆ ಕ್ಲಿನಿಕ್ ಬೇಕಾ?

ನಮಸ್ಕಾರ. ಆರು ತಿಂಗಳಿಂದ ಕುದುರೆ ಸವಾರಿ ಕಲಿಯುತ್ತಿದ್ದೀರಿ, ಟ್ರಾಟ್ (ಕುದುರೆಯ ಕುಲುಕು ಓಟ) ಶುರುವಾದ ಕೂಡಲೇ ಸೊಂಟ ಹಿಡಿಯುತ್ತದೆ, ಎರಡು ದಿನದ ಸವಾರಿ ತರಬೇತಿ ಶಿಬಿರಕ್ಕೆ, ಅಂದರೆ ಕ್ಲಿನಿಕ್‌ಗೆ ಮಡಿಕೇರಿಯಿಂದ ಬೆಂಗಳೂರಿಗೆ ಹೋಗುವುದು ದಂಡವಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಸವಾರಿ ಇಲ್ಲದ ದಿನವೂ ನೋವಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

ನನಗೂ ಎಲ್ಲರೂ "ನೆಟ್ಟಗೆ ಕೂತ್ಕೊ" ಅಂತಲೇ ಹೇಳುತ್ತಿದ್ದರು. ನಾನು ಎದೆ ಸೆಟೆಸಿ ಸೊಂಟ ಬಿಗಿ ಹಿಡಿಯುತ್ತಿದ್ದೆ. ಬಿಗಿ ಹಿಡಿದಷ್ಟೂ ಕುದುರೆ ಎತ್ತಿ ಎತ್ತಿ ಹಾಕುತ್ತದೆ, ಅಲ್ವಾ? ಕ್ಲಿನಿಕ್‌ನಲ್ಲಿ ಟೀಚರ್ ನನ್ನ ಕಾಲನ್ನು ರಿಕಾಪಿನಿಂದ (ಜೀನಿನಿಂದ ಇಳಿಬಿಟ್ಟ, ಪಾದ ಇಡುವ ಬಳೆ) ತೆಗೆಸಿ, ಕುದುರೆಯನ್ನು ಉದ್ದ ಹಗ್ಗದಲ್ಲಿ ತಾವೇ ನಿಧಾನಕ್ಕೆ ಸುತ್ತಿಸಿದರು. ಕಣ್ಣು ಮುಚ್ಚಿ, ಯಾವ ಹಿಂಗಾಲು ಮುಂದೆ ಬರ್ತಿದೆ ಹೇಳಿ ಅಂದರು. ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು: ಹಿಂಗಾಲು ಮುಂದಕ್ಕೆ ಬರುವಾಗ ಕುದುರೆಯ ಬೆನ್ನು ಆ ಕಡೆ ಇಳಿಯುತ್ತದೆ, ಜೊತೆಗೆ ನಮ್ಮ ಸೊಂಟವೂ. ನಾನು ಬಲಗಡೆಗೇ ಭಾರ ಹಾಕುತ್ತಿದ್ದದ್ದೂ ಆಗಲೇ ಗೊತ್ತಾಯಿತು. ತೋಟದಲ್ಲಿ ಕಾಫಿ ಚೀಲವನ್ನು ಒಂದೇ ಹೆಗಲಿಗೆ ಹೊತ್ತ ಅಭ್ಯಾಸ.

ಅಮೆರಿಕದ ಸವಾರಿ ಟೀಚರ್ ಸ್ಯಾಲಿ ಸ್ವಿಫ್ಟ್ ಅವರಿಗೆ ಚಿಕ್ಕಂದಿನಿಂದಲೇ ಬೆನ್ನುಮೂಳೆ ಡೊಂಕಾಗಿತ್ತು. ಒಂದೇ ಕಡೆ ದಿಟ್ಟಿಸದೆ ನೋಟ ಅಗಲ ಮಾಡಿ, ಉಸಿರನ್ನು ಹೊಟ್ಟೆಯವರೆಗೆ ಎಳೆದುಕೊಳ್ಳಿ ಅಂತ ಅವರು ಕಲಿಸಿದ್ದು ನನಗಂತೂ ತುಂಬಾ ಉಪಯೋಗವಾಯಿತು.

ಹೋಗುವ ಮುಂಚೆ ಪಕ್ಕದಿಂದ ಒಂದು ವಿಡಿಯೋ ತೆಗೆಸಿ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿವೆಯಾ ನೋಡಿ. ಅಲ್ಲಿಯವರೆಗೆ ನಮ್ಮ ಇಳಿಜಾರು ದಾರಿಗಳಲ್ಲಿ ಟ್ರಾಟ್ ಬೇಡ, ನಡಿಗೆ ಸಾಕು. ಒಂದು ಗುಂಪಿನಲ್ಲಿ ಎಷ್ಟು ಜನ ಅಂತ ಫೋನಿನಲ್ಲೇ ಕೇಳಿ. ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಬೇರೆ ಕಡೆ ಹುಡುಕಿ.